ಒನಕೆ ನೆನಪಿದೆ, ಕೊಡ ಮರೆತಿದ್ದೇವೆ

ರಜೆಯ ದಿನ ಹತ್ತೂವರೆ ಹನ್ನೊಂದರ ಹೊತ್ತಿಗೆ ಚಿತ್ರದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿಯ ಮುಂದೆ ಜನ ಸಾಲುಗಟ್ಟಿರುತ್ತಾರೆ. ಕಳೆದ ಚಳಿಗಾಲದಲ್ಲಿ ನಾನು ಹೋದಾಗ ಯಾವುದೋ ಹಳ್ಳಿಯ ಪ್ರೌಢಶಾಲೆಯ ಮಕ್ಕಳು ಬಂದಿದ್ದರು. ಒಬ್ಬೊಬ್ಬರೇ ತಲೆ ತಗ್ಗಿಸಿ ಬಂಡೆಯ ಸಂದಿಗೆ ನುಗ್ಗುತ್ತಿದ್ದರು. ಆ ಕಡೆ ಹೊರಬಂದವರ ನೆತ್ತಿಯ ಮೇಲೆ ಒಬ್ಬ ಹುಡುಗ ಖಾಲಿ ನೀರಿನ ಬಾಟಲಿ ಎತ್ತಿ 'ಧಡ್' ಎನ್ನುತ್ತಿದ್ದ, ಎಲ್ಲರೂ ಘೊಳ್ಳೆಂದು ನಗುತ್ತಿದ್ದರು. ಗೈಡು ಕಥೆ ಮುಗಿಸಿ ಚಪ್ಪಾಳೆ ಗಿಟ್ಟಿಸಿಕೊಂಡ. ಅಲ್ಲೇ ಹತ್ತಿರದಲ್ಲಿ ಬಂಡೆಯ ಮಗ್ಗುಲಿಗೆ ತಣ್ಣೀರು ದೋಣಿ ಎಂಬ ನೀರಿನ ತಾಣ ಇದೆ. ಗುಂಪಿನಿಂದ ಬೇರೆಯಾದ ಒಬ್ಬ ಹುಡುಗಿ ಅದರೊಳಗೆ ಬಗ್ಗಿ ನೋಡಿ, "ಸಾರ್, ಇಲ್ಲಿ ನೀರೈತೆ" ಎಂದಳು. "ಬಾರಮ್ಮ, ಹೊತ್ತಾಯ್ತು, ಇನ್ನೂ ಮೇಲೆ ಹತ್ತಬೇಕು" ಎಂದರು ಮೇಷ್ಟ್ರು. ಅವಳು ಹೋದಳು.

ಆ ಮೇಷ್ಟ್ರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೂ ಅವರ ಮೇಷ್ಟ್ರು ಹಾಗೆಯೇ ಕೋಟೆ ತೋರಿಸಿರುತ್ತಾರೆ. ನನ್ನ ಜಗಳವಿರುವುದು ಕೋಟೆಯನ್ನು ನೋಡಲು ನಮಗೆಲ್ಲ ಕಲಿಸಿಕೊಟ್ಟಿರುವ ಕ್ರಮದ ಜೊತೆ. ಕೋಟೆ ಎಂದರೆ ಕದನ. ಕದನ ಎಂದರೆ ಶೌರ್ಯ. ಆದ್ದರಿಂದ ಕೋಟೆಯಲ್ಲಿ ನೋಡಬೇಕಾದದ್ದು ಗೋಡೆ, ಬತೇರಿ, ಕಿಂಡಿ, ಆಮೇಲೆ ಯಾರು ಯಾರನ್ನು ಎಲ್ಲಿ ಕೊಂದರು ಎಂಬ ಜಾಗ. ಪಠ್ಯಪುಸ್ತಕ ಇದನ್ನೇ ಹೇಳುತ್ತದೆ, ಭಾಷಣಗಳು ಇದನ್ನೇ ಹೇಳುತ್ತವೆ. 1972ರ 'ನಾಗರಹಾವು' ಚಿತ್ರದಲ್ಲಿ ಜಯಂತಿ ಒನಕೆ ಹಿಡಿದು ನಿಂತ ಮೇಲೆ ಇಡೀ ಕರ್ನಾಟಕದ ಕಣ್ಣಿಗೆ ಕೋಟೆಯೆಂದರೆ ಆ ಐದು ನಿಮಿಷವೇ ಆಗಿಬಿಟ್ಟಿತು. ದುರ್ಗದ ಕ್ರೀಡಾಂಗಣಕ್ಕೆ ಓಬವ್ವನ ಹೆಸರಿದೆ, ನವೆಂಬರ್ 11ರಂದು ಸರ್ಕಾರವೇ ಅವಳ ಜಯಂತಿ ನಡೆಸುತ್ತದೆ. ಆಗಲಿ, ಆಗಬೇಕಾದದ್ದೇ. ಕೋಟೆಯ ಕಾವಲುಗಾರನ ಹೆಂಡತಿ, ಸಾಮಾನ್ಯ ಮನೆಯ ಹೆಣ್ಣು, ರಾಜರ ಸಾಲಿಗೆ ಸಮನಾಗಿ ನಾಡಿನ ನಾಲಿಗೆಯ ಮೇಲೆ ಉಳಿದಿದ್ದಾಳೆಂದರೆ ಅದು ಸಣ್ಣ ಮಾತಲ್ಲ.

ಆದರೆ ಅವಳ ಕಥೆಯನ್ನಾದರೂ ನಾವು ಪೂರ್ತಿ ಕೇಳಿದ್ದೇವೆಯೇ?

ದುರ್ಗದ ಮನೆಗಳಲ್ಲಿ ಹೇಳುವ ರೀತಿಯಲ್ಲೇ ಕೇಳಿ. ಹೈದರಾಲಿಯ ದಂಡು ಕೋಟೆ ಸುತ್ತಿ ಕೂತಿದೆ. ಒಳಗೆ ಹೋಗುವ ದಾರಿ ಕಾಣದು. ಮೊಸರು ಮಾರುವವಳೊಬ್ಬಳು ಬಂಡೆಗಳ ನಡುವೆ ಮಾಯವಾಗುವುದನ್ನು ಕಂಡು ಅವರಿಗೆ ಕಿಂಡಿಯ ಸುಳಿವು ಸಿಕ್ಕಿತು ಎನ್ನುತ್ತಾರೆ. ಒಳಗೆ ಕಾವಲಿನ ಮುದ್ದಹನುಮ ಊಟಕ್ಕೆ ಮನೆಗೆ ಬಂದಿದ್ದಾನೆ. ಗಂಡನ ಊಟಕ್ಕೆ ನೀರು ಬೇಕು. ಓಬವ್ವ ಕೊಡ ಎತ್ತಿಕೊಂಡು ತಣ್ಣೀರು ದೋಣಿಗೆ ಹೋಗುತ್ತಾಳೆ. ಅಲ್ಲಿ ಸಂದಿಯೊಳಗೆ ಸದ್ದು ಕೇಳುತ್ತದೆ. ಉಣ್ಣುವವನನ್ನು ಎಬ್ಬಿಸಬಾರದೆಂದು ಅವಳೇ ಒನಕೆ ಹಿಡಿಯುತ್ತಾಳೆ. ಮುಂದಿನದು ಎಲ್ಲರಿಗೂ ಗೊತ್ತು.

ಈ ಕಥೆಯಲ್ಲಿ ಏನೇನಿದೆ ನೋಡಿ. ಮೊಸರಿದೆ, ಊಟವಿದೆ, ನೀರಿದೆ, ಭತ್ತ ಕುಟ್ಟುವ ಒನಕೆಯಿದೆ. ಕತ್ತಿಯಿಲ್ಲ, ಕುದುರೆಯಿಲ್ಲ, ರಾಜನಿಲ್ಲ. ಜನರ ಬಾಯಲ್ಲಿ ಬೆಳೆದು ಬಂದ ಕಥೆಗೆ ಕೋಟೆಯ ನಿಜವಾದ ಬಾಳು ಎಂಥದ್ದೆಂದು ಗೊತ್ತಿತ್ತು. ಅದರಿಂದ ಒನಕೆಯೊಂದನ್ನೇ ಕಿತ್ತುಕೊಂಡು ಆಯುಧ ಮಾಡಿ, ಕೊಡವನ್ನು ಅಲ್ಲೇ ಬಿಟ್ಟು ಬಂದವರು ನಾವು. ಅವಳು ನೀರಿಗೆ ಹೋಗದಿದ್ದರೆ ಸದ್ದು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಮನೆ ಬಾಗಿಲಿಗೆ ಅಷ್ಟು ಹತ್ತಿರದಲ್ಲಿ, ಕಗ್ಗಲ್ಲಿನ ಗುಡ್ಡದ ನೆತ್ತಿಯಲ್ಲಿ, ಕುಡಿಯುವ ನೀರು ಇದ್ದದ್ದಾದರೂ ಹೇಗೆ? ಕೋಟೆಯನ್ನು ನೋಡಲು ಹೋದವರು ಮೊದಲು ಕೇಳಬೇಕಾದ ಪ್ರಶ್ನೆ ಅದು. ಅದನ್ನು ಆ ಹುಡುಗಿ ತನ್ನ ಮಾತಿನಲ್ಲಿ ಕೇಳಿಯೇ ಕೇಳಿದ್ದಳು.

ಚಿತ್ರದುರ್ಗ ಬರದ ಸೀಮೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾದರೆ ಅದೇ ಭಾಗ್ಯ. ಇಂದಿಗೂ ಊರಿನ ನಲ್ಲಿಗೆ ನೀರು ಬರುವುದು ದೂರದ ವಾಣಿವಿಲಾಸ ಸಾಗರದಿಂದ, ಸೂಳೆಕೆರೆಯಿಂದ. ಇಂಥ ಕಡೆ ನದಿಯಿಲ್ಲದ ಒಂದು ಕಲ್ಲುಗುಡ್ಡವನ್ನು ಆರಿಸಿಕೊಂಡು, ಅದರ ಮೇಲೆ ಅರಮನೆ, ಗರಡಿ, ಟಂಕಸಾಲೆ, ಕಣಜ, ಹದಿನೆಂಟು ಗುಡಿ, ಸಾವಿರಾರು ಜನ, ಅವರ ದನಕರು, ಕುದುರೆ, ಆನೆ ಎಲ್ಲವನ್ನೂ ಇಟ್ಟು ಎರಡು ಶತಮಾನ ಬಾಳಿದರಲ್ಲ, ಆ ಧೈರ್ಯ ಬಂದದ್ದು ಗೋಡೆಯಿಂದ ಅಲ್ಲ. ಗೋಡೆ ಶತ್ರುವನ್ನು ಹೊರಗೆ ನಿಲ್ಲಿಸಬಲ್ಲದು, ಬಾಯಾರಿಕೆಯನ್ನು ನಿಲ್ಲಿಸಲಾರದು. ಮುತ್ತಿಗೆ ಹಾಕುವವನು ಕಾಯುವುದೇ ಅದನ್ನು.

ಒಂದು ಲೆಕ್ಕ ಹಾಕಿ ನೋಡೋಣ. ಮುತ್ತಿಗೆಯ ಕಾಲದಲ್ಲಿ ಮೇಲುದುರ್ಗದಲ್ಲಿ ಐದು ಸಾವಿರ ಜನ ಸೇರಿದ್ದಾರೆ ಎಂದಿಟ್ಟುಕೊಳ್ಳಿ. ಕುಡಿಯಲು, ಅಡುಗೆಗೆ ಎಂದು ತಲೆಗೆ ಹತ್ತು ಲೀಟರ್ ಹಿಡಿದರೆ ದಿನಕ್ಕೆ ಐವತ್ತು ಸಾವಿರ ಲೀಟರ್. ಮೂರು ತಿಂಗಳಿಗೆ 45 ಲಕ್ಷ ಲೀಟರ್. ಇದರಲ್ಲಿ ಆನೆ ಕುದುರೆಗಳು ಸೇರಿಲ್ಲ, ಸ್ನಾನವಂತೂ ಇಲ್ಲವೇ ಇಲ್ಲ. ಈಗ ಇನ್ನೊಂದು ಲೆಕ್ಕ. ಒಂದು ಎಕರೆ ಬೋಳುಬಂಡೆಯ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ ಅದು 24 ಲಕ್ಷ ಲೀಟರ್ ನೀರು. ಮಣ್ಣಾದರೆ ಹೀರಿಕೊಳ್ಳುತ್ತದೆ, ಕಗ್ಗಲ್ಲು ಕೈಬಿಡುತ್ತದೆ, ಬಿದ್ದ ನೀರಿನ ಬಹುಪಾಲು ಜಾರಿ ಕೆಳಗೆ ಬರುತ್ತದೆ. ಕೃಷಿಗೆ ಶಾಪವಾದ ಬಂಡೆಯೇ ನೀರು ಹಿಡಿಯುವವನಿಗೆ ವರ. ಎರಡು ಮೂರು ಎಕರೆ ಬಂಡೆಯ ಇಳಿಜಾರು, ಅದರ ಬುಡದಲ್ಲಿ ಸರಿಯಾದ ಜಾಗಕ್ಕೆ ಒಂದು ಅಡ್ಡಕಟ್ಟೆ ಸಿಕ್ಕರೆ ಮೂರು ತಿಂಗಳ ಮುತ್ತಿಗೆಯನ್ನು ನೋಡಿಕೊಳ್ಳಬಹುದು. ದುರ್ಗದವರು ಈ ಲೆಕ್ಕವನ್ನು ಕಾಗದದ ಮೇಲೆ ಬರೆಯದೆ ಕಲ್ಲಿನ ಮೇಲೆ ಬರೆದಿಟ್ಟಿದ್ದಾರೆ.

ಗೋಪಾಲಸ್ವಾಮಿ ಹೊಂಡದ ದಂಡೆಯಲ್ಲಿ ಸುಮ್ಮನೆ ಅರ್ಧ ಗಂಟೆ ಕೂತರೆ ಅದು ಕಾಣತೊಡಗುತ್ತದೆ. ಮೂರು ಕಡೆ ಬಂಡೆಗಳು ತೆರೆದ ಅಂಗೈಯಂತೆ ಒಳಕ್ಕೆ ಬಾಗಿವೆ. ಮಳೆನೀರು ಹರಿದು ಹರಿದು ಬಂಡೆಯ ಮೇಲೆ ಕಪ್ಪು ಪಟ್ಟೆಗಳು ಮೂಡಿವೆ; ಆ ಪಟ್ಟೆಗಳೆಲ್ಲ ಹೊಂಡದ ಕಡೆಗೇ ಇಳಿಯುತ್ತವೆ. ಹೊಂಡ ತುಂಬಿದರೆ ನೀರು ಪೋಲಾಗದೆ ಕೋಡಿ ಬಿದ್ದು ಕೆಳಗಿನ ಅಕ್ಕ-ತಂಗಿ ಹೊಂಡದ ಕಡೆ ಹೋಗುವಂತೆ ಜೋಡಿಸಿದ್ದಾರೆ. ಗುಡ್ಡದ ಬುಡಕ್ಕೆ ಬಂದರೆ ಸಿಹಿನೀರು ಹೊಂಡ, ಊರೊಳಗೆ ಸಂತೆ ಹೊಂಡ. ಮೇಲಿನವರು ಕುಡಿದು ಮಿಕ್ಕದ್ದು ನಡುವಿನವರಿಗೆ, ನಡುವಿನವರದು ಮಿಕ್ಕಿದ್ದು ಪೇಟೆಗೆ. ಏಳು ಸುತ್ತಿನ ಕೋಟೆ ಎನ್ನುತ್ತೇವೆ. ನೀರಿಗೂ ಅಂಥದ್ದೇ ಸುತ್ತುಗಳಿವೆ. ಕಲ್ಲಿನ ಸುತ್ತು ಹೊರಗಿನವರನ್ನು ತಡೆಯಲಿಕ್ಕೆ, ನೀರಿನ ಸುತ್ತು ಒಳಗಿನವರನ್ನು ಉಳಿಸಲಿಕ್ಕೆ. ಎರಡನ್ನೂ ಕಟ್ಟಿದವರು ಅದೇ ಜನ, ಅದೇ ಉಳಿ, ಅದೇ ಸುತ್ತಿಗೆ. ಎಷ್ಟೋ ಕಡೆ ಗೋಡೆಗೆಂದು ಕಲ್ಲು ಸೀಳಿದ ಜಾಗ ತಗ್ಗಾಗಿ ನೀರು ನಿಂತಿದೆ. ಬಂಡೆಯ ಅಂಚಿನಲ್ಲಿ ಬೆಣೆ ಬಡಿದ ಚೌಕದ ಗುಳಿಗಳು ಸಾಲಾಗಿ ಇನ್ನೂ ಹಾಗೇ ಇವೆ. ಬೆರಳಿಟ್ಟರೆ ಎರಡು ಗಣ್ಣು ಒಳಗೆ ಹೋಗುತ್ತದೆ.

"ಕೋಟೆ ಕಟ್ಟಿದ್ದೇ ಯುದ್ಧಕ್ಕೆ, ನೀವು ನೀರಿನ ಪುರಾಣ ತೆಗೀತೀರಲ್ಲ" ಎಂದು ಇತಿಹಾಸದ ಗೆಳೆಯರೊಬ್ಬರು ನನ್ನನ್ನು ತರಾಟೆಗೆ ತೆಗೆದುಕೊಂಡಿದ್ದರು. ನಿಜ, ಯುದ್ಧಕ್ಕೇ ಕಟ್ಟಿದ್ದು. ಬಾಗಿಲಿಂದ ಬಾಗಿಲಿಗೆ ದಾರಿ ಹಾವಿನಂತೆ ತಿರುಗುವುದು ಆನೆ ಓಡಿ ಬಂದು ಗುದ್ದಬಾರದೆಂದು. ಗೋಡೆಯ ನೆತ್ತಿಯ ಕಿಂಡಿಗಳು ಒಂದೊಂದು ಒಂದೊಂದು ಕೋನಕ್ಕೆ ಓರೆಯಾಗಿರುವುದು ಕೋವಿಗೆ. ಇದನ್ನೆಲ್ಲ ನೋಡಬೇಡಿ ಎಂದು ನಾನು ಹೇಳುತ್ತಿಲ್ಲ. ಯುದ್ಧವನ್ನೇ ಸರಿಯಾಗಿ ನೋಡಿ ಎನ್ನುತ್ತಿದ್ದೇನೆ. ಮದ್ದು ಬೀಸುವ ಕಲ್ಲುಗಳನ್ನು ನೋಡಿದ್ದೀರಲ್ಲ? ಆಳದ ಗುಂಡಿಯೊಳಗೆ ನಾಲ್ಕು ಭಾರೀ ಬೀಸುಕಲ್ಲುಗಳು. ಅಡುಗೆಮನೆಯ ಬೀಸುಕಲ್ಲನ್ನೇ ಹಲವು ಪಟ್ಟು ಬೆಳೆಸಿದಂತಿವೆ. ಎಣ್ಣೆ ಕೊಳ ನೋಡಿ. ಕೋಟೆಯಲ್ಲಿ ಬಲು ಎತ್ತರಕ್ಕಿರುವ ಬತೇರಿಗೆ ಹೆಸರು ತುಪ್ಪದ ಕೊಳದ ಬತೇರಿ. ಬತೇರಿಗೆ ಯಾವ ದಳವಾಯಿಯ ಹೆಸರನ್ನೂ ಇಡದೆ ತುಪ್ಪದ ಹೆಸರಿಟ್ಟ ಜನ ಅವರು. ದಂಡು ಹೊಟ್ಟೆಯ ಮೇಲೆ ನಿಂತಿದೆ ಎಂಬುದು ಅವರಿಗೆ ಗೊತ್ತಿತ್ತು. ಹೈದರಾಲಿ ಒಂದಕ್ಕಿಂತ ಹೆಚ್ಚು ಸಲ ಈ ಕೋಟೆಯ ಮೇಲೆ ಬಂದ, ತಿಂಗಳುಗಟ್ಟಲೆ ಕೂತ. ಕೊನೆಗೆ 1779ರಲ್ಲಿ ಕೋಟೆ ಅವನ ಕೈಸೇರಿದ್ದು ಒಳಗಿನವರ ದ್ರೋಹದಿಂದ ಎಂದು ಹೇಳುತ್ತ ಬಂದಿದ್ದಾರೆ. ಹೊಂಡಗಳು ಬತ್ತಿ ಬಿತ್ತು ಎಂದು ಯಾರೂ ಹೇಳಿಲ್ಲ. ಇದಕ್ಕಿಂತ ದೊಡ್ಡ ಯುದ್ಧವಿದ್ಯೆ ಯಾವುದಿದೆ?

ಈ ಕುರುಡು ನಿನ್ನೆ ಮೊನ್ನೆಯದೂ ಅಲ್ಲ, ಕೋಟೆಯೊಂದಕ್ಕೇ ಸೇರಿದ್ದೂ ಅಲ್ಲ. ಊರ ಪಕ್ಕದ ಚಂದ್ರವಳ್ಳಿಗೆ ಹೋಗಿ. ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಎಂ.ಎಚ್. ಕೃಷ್ಣ ಅವರು ಚಂದ್ರವಳ್ಳಿಯಲ್ಲಿ ಅಗೆದು ಆ ಶಾಸನವನ್ನು ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಮತ್ತೆ ಅಗೆಸಿದ. ರೋಮನ್ ಚಕ್ರವರ್ತಿಗಳ ಬೆಳ್ಳಿ ನಾಣ್ಯ ಸಿಕ್ಕ ನೆಲ ಅದು. ಶಾಲೆಯಲ್ಲಿ ನಮಗೆ ಆ ಶಾಸನದ ಬಗ್ಗೆ ಹೇಳಿಕೊಟ್ಟದ್ದು ಒಂದೇ: ಮಯೂರಶರ್ಮ ತ್ರೈಕೂಟ, ಅಭೀರ, ಪಲ್ಲವ, ಪಾರಿಯಾತ್ರಿಕ, ಶಕಸ್ಥಾನ, ಪುನ್ನಾಟ, ಮೌಖರಿಗಳನ್ನು ಗೆದ್ದ. ಪರೀಕ್ಷೆಗೆ ಆ ಹೆಸರುಗಳನ್ನು ಬಾಯಿಪಾಠ ಮಾಡಿದ್ದೆ. ಆ ಕಲ್ಲನ್ನು ಯಾಕೆ ಕೆತ್ತಿಸಿದರು ಎಂದು ನಮ್ಮ ಮೇಷ್ಟ್ರು ಹೇಳಲಿಲ್ಲ, ನಾವು ಕೇಳಲಿಲ್ಲ. ಅದನ್ನು ಕೆತ್ತಿಸಿದ್ದು ಕೆರೆಗಾಗಿ. ಇಷ್ಟೆಲ್ಲ ದೇಶಗಳನ್ನು ಗೆದ್ದ ಮಯೂರಶರ್ಮ ಇಲ್ಲಿ ಕೆರೆ ಮಾಡಿಸಿದ ಎಂಬುದೇ ಆ ಶಾಸನದ ವಾಕ್ಯ. ಗೆದ್ದ ದೇಶಗಳ ಪಟ್ಟಿ ಅದರಲ್ಲಿ ವಿಶೇಷಣ ಮಾತ್ರ, ಕ್ರಿಯಾಪದ ಇರುವುದು ಕೆರೆಯ ಪಾಲಿಗೆ. ಹದಿನಾರು ನೂರು ವರ್ಷದ ಹಿಂದಿನ ಅರಸನಿಗೆ ಕಲ್ಲಿನಲ್ಲಿ ಉಳಿಯಬೇಕೆನಿಸಿದ ಕೆಲಸ ಕೆರೆ. ನಮಗೆ ಓದಲು ಬೇಕಾದದ್ದು ಅವನು ಹೊಡೆದವರ ಹೆಸರು. ದುರ್ಗವನ್ನಾಳಿದ ಪಾಳೆಯಗಾರ ನಾಯಕರ ವಿಷಯದಲ್ಲೂ ಹೀಗೆಯೇ ಆಯಿತು. ಭರಮಣ್ಣ ನಾಯಕನ ಕಾಲದ ಭೀಮಸಮುದ್ರ ಕೆರೆಯ ಕೆಳಗೆ ಇಂದಿಗೂ ತೋಟಗಳಿವೆ. ಅಡಿಕೆ ಬೆಳೆಯುವ ಅಲ್ಲಿನ ರೈತ ಆ ನಾಯಕನ ಉಪ್ಪು ಈಗಲೂ ಉಣ್ಣುತ್ತಿದ್ದಾನೆ ಎಂದರೆ ಉತ್ಪ್ರೇಕ್ಷೆಯಲ್ಲ. ನಾಯಕರ ಹೆಸರು ಕೇಳಿದರೆ ನಾವು ಮದಕರಿಯ ಕತ್ತಿಯನ್ನು ನೆನೆಯುತ್ತೇವೆ, ಕೆರೆಯನ್ನು ನೆನೆಯುವುದಿಲ್ಲ.

ಹೋಗಲಿ, ನೆನಪಿನ ವಿಷಯ, ಒಂದು ಬಿಟ್ಟರೆ ಇನ್ನೊಂದು ಎಂದು ಕೈಬಿಡಬಹುದಿತ್ತು. ಹಾಗೆ ಬಿಡಲಾಗದು. ಯಾವುದನ್ನು ನೆನೆಯುತ್ತೇವೋ ಅದಕ್ಕೆ ದುಡ್ಡು, ಅದಕ್ಕೆ ಕಾವಲು, ಅದಕ್ಕೆ ಫಲಕ. ನೆನೆಯದೇ ಹೋದದ್ದಕ್ಕೆ ಕಸ. ದುರ್ಗದಲ್ಲಿ ಬೆಳೆದ ಯಾರನ್ನಾದರೂ ಕೇಳಿ, ಮೇಲಿನ ಕೋಟೆಗೆ ಟಿಕೆಟ್ಟು ಇದೆ, ಹೊರಸುತ್ತಿನ ಕೋಟೆಗೆ ಏನಿದೆ ಎಂದು. ರಂಗಯ್ಯನ ಬಾಗಿಲಿನಲ್ಲಿ ವಸ್ತುಸಂಗ್ರಹಾಲಯ ಇದ್ದದ್ದರಿಂದ ಆ ಬಾಗಿಲನ್ನಾದರೂ ಜನ ತಲೆಯೆತ್ತಿ ನೋಡುತ್ತಾರೆ. ಉಳಿದಂತೆ ಹೊರಗಿನ ಗೋಡೆಗಳು ಹಿತ್ತಿಲ ಗೋಡೆಗಳಾಗಿವೆ, ಕಂದಕ ಎಷ್ಟೋ ಕಡೆ ಮುಚ್ಚಿಹೋಗಿದೆ. ಕೋಟೆಯ ಒಳಗೇ ಮನೆ ಮಾಡಿಕೊಂಡವರನ್ನು ನಾನು ದೂರುತ್ತಿಲ್ಲ, ಊರೆಂದರೆ ಜನ ಇರಬೇಕಾದದ್ದೇ. ಆದರೆ ನಮ್ಮ ಓಣಿಯ ಕೊನೆಯಲ್ಲಿ ನಿಂತಿರುವುದೂ ಕೋಟೆಯೇ ಎಂದು ಹೇಳಿಕೊಡುವವರು ಯಾರೂ ಇರಲಿಲ್ಲ, ಏಕೆಂದರೆ ಅಲ್ಲಿ ಯಾರೂ ಯಾರನ್ನೂ ಕೊಂದ ಕಥೆಯಿಲ್ಲ. ಹೊಂಡಗಳ ಪಾಡೂ ಅದೇ. ನನ್ನ ಅಜ್ಜಿ ಚಿಕ್ಕವಳಿದ್ದಾಗ ತಲೆಯ ಮೇಲೊಂದು ಸೊಂಟದಲ್ಲೊಂದು ಕೊಡ ಹೊತ್ತು ಸಿಹಿನೀರು ಹೊಂಡದಿಂದ ಮನೆಗೆ ನೀರು ತರುತ್ತಿದ್ದಳಂತೆ. ಹೊಂಡದ ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಂಡು ಇಳಿದರೆ ಹಿರಿಯರು ಗದರುತ್ತಿದ್ದರು ಎನ್ನುತ್ತಿದ್ದಳು. ಕುಡಿಯುವ ನೀರಾಗಿದ್ದಷ್ಟು ಕಾಲ ಅದನ್ನು ಕಾಯಲು ಸಿಪಾಯಿ ಬೇಕಿರಲಿಲ್ಲ. ನಲ್ಲಿ ಬಂತು, ಗದರುವವರು ಹೋದರು. ಸಂತೆ ಹೊಂಡದ ಕಟ್ಟೆಯ ಕಲ್ಲುಕೆಲಸ ನೋಡಿದರೆ ಎದೆ ತುಂಬುತ್ತದೆ. ನೀರಿನ ಮೇಲೆ ಪ್ಲಾಸ್ಟಿಕ್ ಚೀಲ, ಹೂವಿನ ಹಾರ, ಎಸೆದ ದೇವರ ಪಟ ತೇಲುವುದನ್ನು ಕಂಡರೆ ಆ ಎದೆಯೇ ಕುಸಿಯುತ್ತದೆ. ಇಂಥ ಕಡೆ ಹೂಳೆತ್ತಿಸಿ ಎಂದು ಕೇಳಲು ಹೋದ ನಮ್ಮಂಥವರಿಗೆ ಒಂದು ಕಚೇರಿಯಲ್ಲಿ ಸಿಕ್ಕ ಉತ್ತರ, "ಹೊಂಡ ನೋಡೋಕೆ ಯಾರು ಬರ್ತಾರೆ ಸಾರ್, ಕೋಟೆಗೆ ಲೈಟಿಂಗ್ ಮಾಡಿಸೋಣ." ಬಣ್ಣದ ದೀಪ ಹಾಕಿದರೆ ಗೋಡೆ ರಾತ್ರಿ ಕೆಂಪಗೆ ಹೊಳೆದೀತು. ಗೋಡೆಯ ಕಲ್ಲುಸಂದಿಯಲ್ಲಿ ಬೇರು ಬಿಟ್ಟ ಅರಳಿ ಸಸಿ ಆ ಬೆಳಕಿನಲ್ಲೂ ಬೆಳೆಯುತ್ತಲೇ ಇರುತ್ತದೆ.

ಇನ್ನೊಂದು ಕೇಡಿದೆ, ಇದನ್ನು ಹೇಳದೆ ಬಿಡಲಾರೆ. ಕೋಟೆಯೆಂದರೆ ಕದನ ಎಂದಾದ ಮೇಲೆ ಕದನಕ್ಕೆ ಶತ್ರು ಬೇಕೇ ಬೇಕು. ಇನ್ನೂರೈವತ್ತು ವರ್ಷದ ಹಿಂದಿನ ದಂಡಿನ ಸಿಪಾಯಿಯನ್ನು ಇಂದಿನ ಬೀದಿಯಲ್ಲಿ ಹುಡುಕುವ ಚಟ ಅಲ್ಲಿಂದಲೇ ಹುಟ್ಟುವುದು. ವೇದಿಕೆಯ ಮೇಲೆ ಓಬವ್ವನ ಪಾತ್ರ ಕಟ್ಟಿದಾಗೆಲ್ಲ ಕಿಂಡಿಯಿಂದ ಬರುವವನ ಗಡ್ಡ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿರುವುದನ್ನು ನಾನು ಕಂಡಿದ್ದೇನೆ. ಇತಿಹಾಸ ಇಷ್ಟು ಸಲೀಸಾಗಿಲ್ಲ. ಒಬ್ಬ ಪಾಳೆಯಗಾರ, ಬೆಳೆಯುತ್ತಿದ್ದ ಒಂದು ರಾಜ್ಯ, ಕಪ್ಪಕಾಣಿಕೆಯ ತಗಾದೆ, ಮರಾಠರ ಕಡೆ ವಾಲುವುದೋ ಹೈದರನ ಕಡೆಯೋ ಎಂಬ ಇಕ್ಕಟ್ಟು, ಇದು ಆ ಯುದ್ಧದ ಒಡಲು. ಆ ಪಾಳೆಯಗಾರ ಮದಕರಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ. ಅವನ ಹಿಂದೆ ಸಾವಿರಾರು ಬೇಡರ ಸಂಸಾರಗಳನ್ನು ಊರು ಬಿಡಿಸಿ ಸಾಗಿಸಿದರು, ಅವರ ಹುಡುಗರನ್ನು ಹೈದರನ ದಂಡಿಗೆ ಸೇರಿಸಿಕೊಂಡರು. ಆ ದುಃಖ ನಿಜವಾದ ದುಃಖ. ಮನೆಗೆ ಬೀಗ ಹಾಕದೆ ಹೊರಟವರ, ಹೊಂಡದ ನೀರನ್ನು ಕೊನೆಯ ಸಲ ಕುಡಿದು ಇಳಿದವರ ದುಃಖ. ನಮ್ಮ ವೀರಗಾಥೆಯಲ್ಲಿ ಅದಕ್ಕೆ ಒಂದು ಸಾಲಿನ ಜಾಗವೂ ಇಲ್ಲ, ಏಕೆಂದರೆ ಸೋತವರ ಗುಳೆಯಲ್ಲಿ ಚಪ್ಪಾಳೆ ಗಿಟ್ಟುವ ತಿರುವಿಲ್ಲ. ಅದಾದ ಮೇಲೂ ಕೋಟೆಯಲ್ಲಿ ಜನ ಬಾಳಿದರು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲೂ ಅಲ್ಲಿ ಕಟ್ಟುವ ಕೆಲಸ ನಡೆಯಿತು, ಅವರ ಸಿಪಾಯಿಗಳೂ ಅದೇ ಗೋಪಾಲಸ್ವಾಮಿ ಹೊಂಡದ ನೀರು ಕುಡಿದರು. ಹೊಂಡ ಯಾರನ್ನೂ ಯಾವ ದಂಡಿನವನೆಂದು ಕೇಳಲಿಲ್ಲ.

ದುರ್ಗದ ಮಾತು ಬೇರೆ ಕೋಟೆಯೂರುಗಳಿಗೂ ಸಲ್ಲುತ್ತದೆ. ವಿಜಯಪುರಕ್ಕೆ ಹೋದವರು ಮಾಲಿಕ್-ಎ-ಮೈದಾನ್ ತೋಪಿನ ಬಾಯಿಗೆ ತಲೆ ಕೊಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಒಂದು ಮಹಾನಗರವನ್ನೇ ಕುಡಿಸಿ ಸಾಕಿದ ತಾಜ್ ಬಾವಡಿಯನ್ನು ಎಷ್ಟು ಜನ ನೋಡುತ್ತಾರೆ? ಬೀದರಿನಲ್ಲಿ ನೆಲದೊಳಗೇ ಸುರಂಗ ತೋಡಿ ನೀರು ಹರಿಸಿದ ಕರೇಜ್ ಇದೆ. ಬಹಮನಿ ಸುಲ್ತಾನರ ಯಾವ ಗೆಲುವಿಗಿಂತಲೂ ಅದು ಹೆಚ್ಚು ಕಾಲ ಬಾಳಿದೆ.

ಬತೇರಿಯ ಮೇಲೆ ನಿಂತು ಎದೆಯುಬ್ಬಿಸುವ ಸುಖ ನನಗೂ ಗೊತ್ತು. ತ.ರಾ.ಸು. ಅವರ 'ದುರ್ಗಾಸ್ತಮಾನ' ಕಾದಂಬರಿ ಓದಿ ಮುಗಿಸಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ. ಆ ಅಭಿಮಾನವನ್ನು ಬಿಡಿ ಎಂದು ಯಾರಿಗೂ ಹೇಳುವವನಲ್ಲ ನಾನು. ನನ್ನ ಬೇಡಿಕೆ ಬೇರೆ. ಕೋಟೆ ತೋರಿಸುವ ದಾರಿಯನ್ನೊಮ್ಮೆ ತಿರುಗಿಸಿ. ಬಾಗಿಲಿನಿಂದ ಬಾಗಿಲಿಗೆ ಕರೆದೊಯ್ಯುವಂತೆ ನೀರಿನಿಂದ ನೀರಿಗೆ ಕರೆದೊಯ್ಯಿರಿ. ಸಂತೆ ಹೊಂಡದಲ್ಲಿ ಶುರುಮಾಡಿ, ಸಿಹಿನೀರು ಹೊಂಡ, ಅಕ್ಕ-ತಂಗಿ, ಗೋಪಾಲಸ್ವಾಮಿ ಎಂದು ಹತ್ತಿಸಿ. ಪ್ರತಿ ಹೊಂಡದ ಬಳಿ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ಮಕ್ಕಳೇ ಹುಡುಕಲಿ. ಗೈಡುಗಳಿಗೆ ಇದನ್ನು ಕಲಿಸಲು ಒಂದು ವಾರ ಸಾಕು. ಅವರಲ್ಲಿ ಎಷ್ಟೋ ಮಂದಿ ಈ ಗುಡ್ಡದ ಮೇಲೇ ಆಡಿ ಬೆಳೆದವರು, ನನಗಿಂತ ಚೆನ್ನಾಗಿ ಬಲ್ಲರು, ಕೇಳುವವರಿಲ್ಲದೆ ಸುಮ್ಮನಿದ್ದಾರೆ. ಹೊಂಡಕ್ಕೆ ನೀರು ಇಳಿಯುವ ಬಂಡೆಗಳನ್ನೂ ಕೋಡಿಯ ಕಾಲುವೆಗಳನ್ನೂ ಸ್ಮಾರಕದ ಭಾಗವೆಂದೇ ಎಣಿಸಿ ಕಾಯಿರಿ. ಹೊಂಡವನ್ನಷ್ಟೇ ಕಾದು ಅದರ ದಾರಿ ಮುಚ್ಚಿದರೆ ಉಳಿಯುವುದು ಬರಿ ಗುಂಡಿ. ತಣ್ಣೀರು ದೋಣಿಯ ಪಕ್ಕ ಒಂದು ಕಲ್ಲು ನಿಲ್ಲಿಸಿ, ಓಬವ್ವ ನೀರಿಗೆ ಬಂದದ್ದು ಇಲ್ಲಿಗೆ ಎಂದು ಬರೆಸಿ.

ಹೋದ ವರ್ಷ ಹಿಂಗಾರಿನಲ್ಲಿ ಎರಡು ದಿನ ಬಿಡದೆ ಸುರಿದ ಮಾರನೆಯ ಬೆಳಗ್ಗೆ ನಾನೊಬ್ಬನೇ ಹತ್ತಿದ್ದೆ. ಜಾರುತ್ತದೆಂದು ಪ್ರವಾಸಿಗರು ಯಾರೂ ಇರಲಿಲ್ಲ. ಗೋಪಾಲಸ್ವಾಮಿ ಹೊಂಡ ಕಟ್ಟೆಯ ಅಂಚಿಗೆ ಬಂದು ನಿಂತಿತ್ತು. ಬಂಡೆಗಳ ಕಪ್ಪು ಪಟ್ಟೆಯ ಮೇಲೆ ನೀರು ಇನ್ನೂ ತೆಳ್ಳಗೆ ಇಳಿಯುತ್ತಿತ್ತು, ಕಿವಿಗೊಟ್ಟರೆ ಮಾತ್ರ ಕೇಳುವಷ್ಟು ಸದ್ದು. ಒಬ್ಬ ಮುದುಕಿ, ಗುಡಿಗೆ ಬಂದವಳಿರಬೇಕು, ಚಪ್ಪಲಿಯನ್ನು ಮೇಲಿನ ಮೆಟ್ಟಿಲಲ್ಲೇ ಬಿಟ್ಟು ಒಂದೊಂದೇ ಮೆಟ್ಟಿಲು ಕೈಯೂರಿ ಇಳಿದಳು. ಬೊಗಸೆಯಲ್ಲಿ ನೀರೆತ್ತಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ತುಂಬೈತೆ ನೋಡಪ್ಪ" ಎಂದಳು.